ಅಕ್ಬರನ ಉಪ್ಪು, ನನ್ನ ಬಾಲ್ಕನಿ

2024ರ ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಬಾಲ್ಕನಿಯ ಟ್ಯಾಂಕಿನ ಮುಚ್ಚಳ ತೆಗೆದೆ. ಗಪ್ಪಂತ ವಾಸನೆ ಬಂತು. ಬೇಸಿಗೆಯಲ್ಲಿ ಕೆರೆ ಬತ್ತುವಾಗ ಕೆಸರಿಂದ ಬರುತ್ತಲ್ಲ, ಅದೇ ವಾಸನೆ. ಲೆಟ್ಯೂಸ್ ಗಿಡ ಒಂದನ್ನು ಮೇಲೆತ್ತಿ ನೋಡಿದೆ. ಬಿಳಿ ದಾರದ ಹಾಗೆ ಇರಬೇಕಿದ್ದ ಬೇರು ಕಂದು ಬಣ್ಣಕ್ಕೆ ತಿರುಗಿ, ಬೆರಳಿಗೆ ಲೋಳೆಯಾಗಿ ಅಂಟಿಕೊಳ್ತು. ಮೇಲೆ ಎಲೆಗಳು ಜೋಲು ಬಿದ್ದಿದ್ದವು. ನೀರಲ್ಲೇ ನಿಂತ ಗಿಡ ನೀರಿಲ್ಲದೆ ಬಾಡಿದ ಹಾಗೆ ಬಾಡಿತ್ತು. ಥರ್ಮಾಮೀಟರ್ ಇಳಿಬಿಟ್ಟೆ. 33 ಡಿಗ್ರಿ.

ಹಿಂದೆ ನಿಂತಿದ್ದ ಅಜ್ಜಿ ಕೇಳಿದರು: "ಬಿಸಿನೀರಲ್ಲಿ ಕಾಲಿಟ್ಕೊಂಡು ನೀನು ಎಷ್ಟೊತ್ತು ನಿಲ್ತೀಯೋ ಮಗಾ?"

ಈ ಹೈಡ್ರೋಪೋನಿಕ್ಸ್ ಸೆಟ್ ನಾನು ತಂದಿದ್ದೇ ಅಜ್ಜಿಗೋಸ್ಕರ. ಹಿರಿಯೂರು ಕಡೆಯ ನಮ್ಮ ಹಳ್ಳಿಯಲ್ಲಿ ಅವರಿಗೊಂದು ಹಿತ್ತಲಿತ್ತು. ತಾತ ಹೋದ ಮೇಲೆ ಮನೆಗೆ ಬೀಗ ಹಾಕಿ ಅವರನ್ನು ಬೆಂಗಳೂರಿನ ನಾಲ್ಕನೇ ಮಹಡಿಗೆ ಕರೆತಂದೆವು. ಬಂದ ಮೊದಲ ತಿಂಗಳು ಅವರು ಬೆಳಗ್ಗೆ ಐದಕ್ಕೆ ಎದ್ದು, ಮಾಡೋಕೆ ಏನೂ ಕೆಲಸ ಇಲ್ಲದೆ, ಬಾಲ್ಕನಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಮಣ್ಣಿನ ಕುಂಡ ಎತ್ತಿಡೋಕೆ ಅವರ ಕೈಲಾಗಲ್ಲ ಅಂತ ಈ 20 ಲೀಟರಿನ ಟ್ಯಾಂಕು, ಪೈಪು, ಪುಟ್ಟ ಪಂಪು ತಂದು ಜೋಡಿಸಿದೆ. "ಮಣ್ಣಿಲ್ಲದೆ ಗಿಡ ಬೆಳೀತದಾ?" ಅಂತ ಮೂಗು ಮುರಿದವರು, ಜನವರಿಯಲ್ಲಿ ಮೊದಲ ಎಲೆ ಬಂದಾಗ ದಿನಕ್ಕೆ ನಾಲ್ಕು ಸಲ ಹೋಗಿ ನೋಡಿಬರುತ್ತಿದ್ದರು. ಮಾರ್ಚ್‌ನಲ್ಲಿ ಒಂದು ಬ್ಯಾಚ್ ಸತ್ತಿತು. ಈಗ ಎರಡನೆಯದು. ಅವತ್ತು ಸಂಜೆ ಅಜ್ಜಿ ಬಾಲ್ಕನಿಗೆ ಬರಲಿಲ್ಲ. ನನಗೆ ಗಿಡ ಸತ್ತಿದ್ದಕ್ಕಿಂತ ಅದೇ ಜಾಸ್ತಿ ಕಾಡ್ತು.

ಬೇರು ಯಾಕೆ ಕೊಳೀತು ಅಂತ ಹುಡುಕಿದರೆ ಉತ್ತರ ಸರಳ. ಬೇರಿಗೂ ಉಸಿರಾಡಬೇಕು. ಅದು ಉಸಿರಾಡೋದು ನೀರಲ್ಲಿ ಕರಗಿರುವ ಆಮ್ಲಜನಕವನ್ನು. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತೆ. ಇದು ಸಮುದ್ರಮಟ್ಟದ ಲೆಕ್ಕ. 900 ಮೀಟರ್ ಎತ್ತರದ ಬೆಂಗಳೂರಲ್ಲಿ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಇನ್ನೊಂದು ಹತ್ತು ಪರ್ಸೆಂಟ್ ಕಳೀರಿ. ನೀರು ಬಿಸಿಯಾದಷ್ಟೂ ಬೇರು ಹೆಚ್ಚು ಉಸಿರು ಕೇಳುತ್ತೆ, ನೀರಲ್ಲಿ ಅದು ಕಡಿಮೆ ಸಿಗುತ್ತೆ. ಸುಸ್ತಾದ ಬೇರಿಗೆ ಪಿಥಿಯಂ ಅನ್ನೋ ಶಿಲೀಂಧ್ರದಂಥ ಜೀವಿ ಹತ್ತಿಕೊಳ್ಳುತ್ತೆ. ಮಿಕ್ಕಿದ್ದು ನಾನು ಬೆರಳಲ್ಲಿ ಮುಟ್ಟಿ ನೋಡಿದ ಲೋಳೆ.

ಸರಿ, ನೀರು ತಣ್ಣಗಿಡಬೇಕು. ಅದಕ್ಕೊಂದು ಚಿಲ್ಲರ್ ಸಿಗುತ್ತೆ. ಬೆಲೆ ನೋಡಿದೆ. ಅಷ್ಟು ದುಡ್ಡಿಗೆ ಮನೆಯವರೆಲ್ಲ ಎಷ್ಟೋ ವರ್ಷ ಸೊಪ್ಪು ಕೊಂಡು ತಿನ್ನಬಹುದು. ಕಾರ್ಟ್‌ಗೆ ಹಾಕಿ, ತೆಗೆದು, ಮತ್ತೆ ಹಾಕಿ, ಕೊನೆಗೆ ಯಾವತ್ತೂ ಮಾಡೋದನ್ನೇ ಮಾಡಿದೆ: ಕರೆಂಟಿಲ್ಲದ ಕಾಲದಲ್ಲಿ ಜನ ಏನು ಮಾಡುತ್ತಿದ್ದರು ಅಂತ ಓದೋಕೆ ಕೂತೆ.

ಮೊದಲು ಸಿಕ್ಕಿದ್ದು ಅಕ್ಬರ್. ಅಬುಲ್ ಫಜಲ್ ಬರೆದ 'ಐನ್-ಇ-ಅಕ್ಬರಿ'ಯಲ್ಲಿ ಬಾದಶಹನ ಅಡುಗೆಮನೆ, ಆನೆಲಾಯ, ಟಂಕಸಾಲೆಗಳ ಜೊತೆಗೆ ಕುಡಿಯುವ ನೀರಿನ ಇಲಾಖೆಯ ವಿವರವೂ ಇದೆ. ಅಲ್ಲಿ ನೀರು ತಣ್ಣಗೆ ಮಾಡುವ ವಿಧಾನ ಬರುತ್ತೆ. ಲೋಹದ ಹೂಜಿಯಲ್ಲಿ ಒಂದು ಸೇರು ನೀರು ತುಂಬಿ ಬಾಯಿ ಮುಚ್ಚೋದು. ಬೇರೆ ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪು ಸುರಿಯೋದು. ಆ ಮಿಶ್ರಣದಲ್ಲಿ ಹೂಜಿಯನ್ನು ಕಾಲು ಗಂಟೆ ಆಡಿಸಿದರೆ ಒಳಗಿನ ನೀರು ತಣ್ಣಗಾಗುತ್ತೆ. ಕೋವಿಮದ್ದಿನಲ್ಲಿ ಬೆಂಕಿ ಹುಟ್ಟಿಸುವ ಉಪ್ಪಿಂದಲೇ ತಂಪು ಬರಿಸಿದ್ದು ಅಬುಲ್ ಫಜಲನಿಗೂ ಸೋಜಿಗ. 1586ರಲ್ಲಿ ದರ್ಬಾರು ಪಂಜಾಬಿಗೆ ಹೋದ ಮೇಲೆ ಹಿಮಾಲಯದಿಂದ ಹಿಮವೇ ಲಾಹೋರಿಗೆ ಬರೋಕೆ ಶುರುವಾಯಿತು. ಅಲ್ಲಿಯವರೆಗೆ ಚಕ್ರವರ್ತಿಯ ಫ್ರಿಜ್ ಅಂದರೆ ಪೆಟ್ಲುಪ್ಪು.

ಪೆಟ್ಲುಪ್ಪು ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಈ ಹೆಸರು ಎಲ್ಲೋ ಓದಿದೀನಲ್ಲ ಅಂತ ಎದ್ದು ಹೋಗಿ ನನ್ನ ಪೋಷಕಾಂಶದ ಪೊಟ್ಟಣ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅದೇ ಹೆಸರು! ಅಕ್ಬರ್ ನೀರು ತಣ್ಣಗೆ ಮಾಡಿಕೊಳ್ಳುತ್ತಿದ್ದ ಉಪ್ಪನ್ನೇ ನಾನು ನನ್ನ ಬಿಸಿ ಟ್ಯಾಂಕಿಗೆ ಪ್ರತಿವಾರ ಹಾಕುತ್ತಿದ್ದೆ.

ಬಿಡೋಕಾಗುತ್ತಾ? ಬಿಡಿಯಾಗಿ ಒಂದಿಷ್ಟು ತರಿಸಿ, ಲೋಟದಲ್ಲಿ 200 ಮಿಲಿಲೀಟರ್ ನೀರಿಗೆ 50 ಗ್ರಾಂ ಹಾಕಿ ಕಲಕಿದೆ. 30ರಲ್ಲಿದ್ದ ಥರ್ಮಾಮೀಟರ್ ನೋಡ್ತಾ ನೋಡ್ತಾ 18ಕ್ಕೆ ಇಳೀತು. ಲೋಟದ ಹೊರಗೆ ಮಂಜು ಕಟ್ಟಿದ ಹಾಗಾಯ್ತು. ಅಜ್ಜಿ ಮುಟ್ಟಿ ನೋಡಿ, "ಅಯ್ಯೋ, ಐಸು!" ಅಂದರು. ಉಪ್ಪಿನ ಹರಳು ಬಿಡಿಸಿಕೊಂಡು ನೀರಲ್ಲಿ ಕರಗೋಕೆ ಶಾಖ ಬೇಕು. ಅದನ್ನು ಪಕ್ಕದ ನೀರಿಂದಲೇ ಕಿತ್ತುಕೊಳ್ಳುತ್ತೆ. ಆಮೇಲೆ ಟ್ಯಾಂಕಿಗೆ ಲೆಕ್ಕ ಹಾಕಿದೆ. ಗಿಡಕ್ಕೆ ಬೇಕಾಗೋದು ಲೀಟರಿಗೆ ಅರ್ಧ ಗ್ರಾಂ. ಅಷ್ಟರಿಂದ ಸಿಗುವ ತಂಪು ಒಂದು ಡಿಗ್ರಿಯ ಇಪ್ಪತ್ತೈದನೇ ಒಂದು ಭಾಗ. ಅದಕ್ಕಿಂತ ಜಾಸ್ತಿ ಹಾಕಿದರೆ ನೀರು ತಣ್ಣಗಾಗುತ್ತೆ, ಗಿಡ ಸುಟ್ಟುಹೋಗುತ್ತೆ.

ಆದರೆ ಆ ಉಪ್ಪಿನ ಜಾಡು ಹಿಡಿದು ಹೋದರೆ ಹೈಡ್ರೋಪೋನಿಕ್ಸ್‌ನ ಚರಿತ್ರೆ ತಾನಾಗಿ ಬಿಚ್ಚಿಕೊಳ್ಳುತ್ತೆ. ಪೆಟ್ಲುಪ್ಪನ್ನು ನಮ್ಮಲ್ಲಿ ತೆಗೆಯುತ್ತಿದ್ದದ್ದು ಹಳೇ ಮಣ್ಣುಗೋಡೆ, ದನದ ಕೊಟ್ಟಿಗೆಗಳ ನೆಲದ ಮಣ್ಣಿಂದ. ಗಂಜಲ, ಸಗಣಿ ಮಣ್ಣಿಗೆ ಸೇರಿ ಕೊಳೆತು ನೈಟ್ರೇಟ್ ಆಗಿ ಮೇಲೆ ಬಿಳಿಯಾಗಿ ಉಬ್ಬುತ್ತೆ. ಅದನ್ನು ತೊಳೆದು, ಕಾಯಿಸಿ ಹರಳು ಮಾಡುತ್ತಿದ್ದರು. ಬಿಹಾರದ ಪೆಟ್ಲುಪ್ಪಿಗಾಗಿ ಯುರೋಪಿನ ಕಂಪನಿಗಳು ಪಟ್ನಾದಲ್ಲಿ ಠಿಕಾಣಿ ಹೂಡಿದ್ದವು, ಅಲ್ಲಿನ ಯುದ್ಧಗಳಿಗೆ ಅದು ಮದ್ದು. ಅದೇ ಗೊಬ್ಬರ ಅಂತ ಖಚಿತವಾಗಿದ್ದು ನಿಧಾನಕ್ಕೆ. 1699ರಲ್ಲಿ ಲಂಡನ್ನಿನ ಜಾನ್ ವುಡ್ವರ್ಡ್ ಮಳೆನೀರು, ಥೇಮ್ಸ್ ನೀರು, ಮಣ್ಣು ಬೆರೆಸಿದ ನೀರಿನಲ್ಲಿ ಪುದೀನದ ಜಾತಿಯ ಗಿಡ ಬೆಳೆಸಿ, ನೀರು ಕೊಳಕಾದಷ್ಟೂ ಗಿಡ ಚೆನ್ನಾಗಿ ಬೆಳೆಯುತ್ತೆ ಅಂತ ಕಂಡುಕೊಂಡ. 1860ರ ದಶಕದಲ್ಲಿ ಜರ್ಮನಿಯ ಯೂಲಿಯಸ್ ಸಾಕ್ಸ್ ಮತ್ತು ವಿಲ್‌ಹೆಲ್ಮ್ ನಾಪ್ ಆ ಕೊಳಕಿನಲ್ಲಿ ಏನೇನಿದೆ ಅಂತ ಬಿಡಿಸಿ, ನಾಲ್ಕೈದು ಉಪ್ಪುಗಳನ್ನು ಶುದ್ಧ ನೀರಿಗೆ ಹಾಕಿ, ಮಣ್ಣಿಲ್ಲದೆ ಗಿಡ ಬೆಳೆಸಿ ತೋರಿಸಿದರು. ಅಂದರೆ ಅಜ್ಜಿಯ ಹಿತ್ತಲಿನ ತಿಪ್ಪೆಯೂ ನನ್ನ ಪೊಟ್ಟಣವೂ ಗಿಡಕ್ಕೆ ಕೊಡೋದು ಅದೇ ನೈಟ್ರೇಟನ್ನು. ಇದನ್ನು ಅಜ್ಜಿಗೆ ಹೇಳಿದಾಗ, "ಮತ್ತೆ ಸಗಣಿ ವಾಸ್ನೆ ಎಲ್ಲಿ?" ಅಂತ ಕೇಳಿದರು.

ಕ್ಯಾಲಿಫೋರ್ನಿಯಾದಲ್ಲಿ ವಿಲಿಯಂ ಗೆರಿಕ್ ಈ ಲ್ಯಾಬಿನ ವಿದ್ಯೆಯಲ್ಲಿ ಆಳೆತ್ತರ ಮೀರಿದ ಟೊಮೆಟೊ ಬಳ್ಳಿ ಬೆಳೆಸಿ, 1937ರಲ್ಲಿ ಅದಕ್ಕೆ 'ಹೈಡ್ರೋಪೋನಿಕ್ಸ್' ಅಂತ ಹೆಸರಿಟ್ಟ. ಮರುವರ್ಷ ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ ತಮ್ಮ ಪ್ರಸಿದ್ಧ ದ್ರಾವಣದ ಪಾಕ ಪ್ರಕಟಿಸಿದರು. ಇವತ್ತಿನ ಎಷ್ಟೋ ಪೊಟ್ಟಣಗಳಿಗೆ ಅದೇ ಮೂಲ. ಇಷ್ಟು ಓದಿದ ಮೇಲೆ ಒಂದು ವಿಷಯ ಹೊಳೀತು. ಲಂಡನ್, ಜರ್ಮನಿ, ಬರ್ಕ್ಲಿ, ಎಲ್ಲ ತಣ್ಣನೆಯ ಊರುಗಳು. ನನ್ನ ಸೆಟ್ಟಿನ ಜೊತೆ ಬಂದ ಕೈಪಿಡಿಯಲ್ಲಿ 'ಕೋಣೆಯ ಉಷ್ಣಾಂಶದ ನೀರು' ಅಂತಿತ್ತು. ಯಾವ ಕೋಣೆ? ನಮ್ಮ ಕೋಣೆ ಅಲ್ಲ. ಬಿಸಿಲಿನ ನಾಡಿಗೆ ಒಗ್ಗಿಸುವ ಕೆಲಸ ಆಮೇಲೆ ನಡೆಯಿತು. 1946ರಲ್ಲಿ ಶೋಲ್ಟೋ ಡಗ್ಲಸ್ ಅನ್ನೋನು ಬಂಗಾಳದ ಕಾಲಿಂಪಾಂಗ್‌ನಲ್ಲಿ ಪ್ರಯೋಗ ಶುರು ಮಾಡಿ, ದುಬಾರಿ ಯಂತ್ರಗಳಿಲ್ಲದ ಸರಳ ವಿಧಾನ ರೂಪಿಸಿ ಅದಕ್ಕೆ ಬಂಗಾಳ ಪದ್ಧತಿ ಅಂತ ಹೆಸರು ಕೊಟ್ಟ.

ಬಿಸಿಲು ನಾಡಿನಲ್ಲಿ ತಂಪು ಸಿಗುತ್ತಿದ್ದದ್ದು ಹೇಗೆ ಅಂತ ತಿಳಿಯೋಕೆ ಲ್ಯಾಬ್ ಬಿಟ್ಟು ಹೊಲಕ್ಕೆ ಹೋಗಬೇಕು. 1775ರಲ್ಲಿ ರಾಬರ್ಟ್ ಬಾರ್ಕರ್ ಅನ್ನೋ ಇಂಗ್ಲಿಷ್ ಸೇನಾಧಿಕಾರಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ, ಅಲಹಾಬಾದಿನಲ್ಲಿ ಐಸ್ ತಯಾರಿಸುವುದನ್ನು ವರ್ಣಿಸಿದ್ದಾನೆ. ಸಹಜವಾಗಿ ನೀರು ಹೆಪ್ಪುಗಟ್ಟದ ಊರದು. ಬಯಲಲ್ಲಿ ಮೂವತ್ತು ಅಡಿ ಚೌಕದ, ಎರಡಡಿ ಆಳದ ಗುಂಡಿ. ತಳಕ್ಕೆ ಒಣಗಿದ ಕಬ್ಬಿನ ಅಥವಾ ಜೋಳದ ದಂಟಿನ ಮೆತ್ತೆ. ಅದರ ಮೇಲೆ ಸಾಲಾಗಿ ಸುಣ್ಣ-ಮೆರುಗು ಏನೂ ಇಲ್ಲದ ತೆಳು ಮಣ್ಣಿನ ತಟ್ಟೆಗಳು. ಚಳಿಗಾಲದ ಸಂಜೆ ಅವುಗಳಿಗೆ ಕಾಯಿಸಿ ಆರಿಸಿದ ನೀರು ಹೊಯ್ದು ಬಿಟ್ಟರೆ, ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದ ರಾತ್ರಿ ತೆಳುವಾಗಿ ಐಸ್ ಕಟ್ಟುತ್ತಿತ್ತು. ಸೂರ್ಯ ಹುಟ್ಟೋಕೆ ಮುಂಚೆ ಕೂಲಿಗಳು ಅದನ್ನು ಒಡೆದು ತೆಗೆದು, ಬೇಸಿಗೆಗಾಗಿ ನೆಲದೊಳಗೆ ಕೂಡಿಡುತ್ತಿದ್ದರು. ನೀರಿನ ಶಾಖ ಒಂದಿಷ್ಟು ಆವಿಯಾಗಿ ಹೋಗುತ್ತೆ, ಇನ್ನಷ್ಟು ತೆರೆದ ಆಕಾಶಕ್ಕೆ ಸೋರಿಹೋಗುತ್ತೆ. ದಂಟಿನ ಮೆತ್ತೆ ನೆಲದ ಶಾಖ ಮೇಲೆ ಬರದ ಹಾಗೆ ತಡೆಯುತ್ತೆ. ಓದೋಕೆ ಚಂದ. ಆದರೆ ಆ ಚಳಿಯಲ್ಲಿ, ಕತ್ತಲಲ್ಲಿ ತಟ್ಟೆ ತಟ್ಟೆಯನ್ನೂ ತುಂಬಿ ಖಾಲಿ ಮಾಡಿದ ಕೈಗಳಿಗೆ ಆ ಐಸಿನ ಚೂರೂ ಸಿಕ್ಕಿರಲಿಕ್ಕಿಲ್ಲ. ಬೇಸಿಗೆಯಲ್ಲಿ ಬಂಗಲೆಗಳ ಬಾಗಿಲಿಗೆ ಕಟ್ಟಿದ ಲಾವಂಚದ ತಟ್ಟಿಗೆ ದಿನವಿಡೀ ನೀರು ಎರಚಿದವರೂ ಬಿಸಿಲಲ್ಲೇ ನಿಂತಿದ್ದರು.

ಆ ಐಸಿನ ವ್ಯಾಪಾರಕ್ಕೆ ಪೆಟ್ಟು ಕೊಟ್ಟವನು ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್. 1833ರ ಮೇ ತಿಂಗಳಲ್ಲಿ ಅವನು 'ಟಸ್ಕನಿ' ಅನ್ನೋ ಹಡಗಿನಲ್ಲಿ ಸುಮಾರು 180 ಟನ್ ಕೆರೆಯ ಐಸನ್ನು ಕಲ್ಕತ್ತಾಗೆ ಕಳಿಸಿದ. ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ಮೇಲೆ ಹಡಗು ಬಂದಾಗ ಸುಮಾರು 100 ಟನ್ ಹಾಗೇ ಉಳಿದಿತ್ತು! ಯಂತ್ರವಿಲ್ಲ, ಪೆಟ್ಲುಪ್ಪಿಲ್ಲ. ಇದ್ದದ್ದು ಒಣಗಿಸಿದ ಮರದ ತೊಗಟೆಯ ಹೊಟ್ಟು. ಚರ್ಮ ಹದಮಾಡುವವರು ಬಳಸಿ ಬಿಟ್ಟ ಹೊಟ್ಟನ್ನು ಐಸಿನ ಸುತ್ತ ದಪ್ಪಗೆ ತುಂಬಿದ್ದ, ಅಷ್ಟೇ. 1842ರಲ್ಲಿ ಮದ್ರಾಸಿನ ಸಮುದ್ರತೀರದಲ್ಲಿ ಕಟ್ಟಿದ ಐಸ್ ಹೌಸ್ ಇವತ್ತಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರಿಂದ ಈಗ ಅದು ವಿವೇಕಾನಂದ ಭವನ. ಚೆನ್ನೈಗೆ ಹೋದಾಗ ನಾನೇ ಅದರ ಮುಂದೆ ಸೆಲ್ಫಿ ತೆಗೆದುಕೊಂಡಿದ್ದೆ, ಒಳಗೆ ಏನಿತ್ತು ಅಂತ ಯೋಚಿಸಿರಲಿಲ್ಲ.

ಟ್ಯೂಡರ್ ಐಸನ್ನು ತಂಪು ಮಾಡಲಿಲ್ಲ. ಬಿಸಿ ಒಳಗೆ ಬರದ ಹಾಗೆ ನೋಡಿಕೊಂಡ. ಇದನ್ನು ಓದಿದ ರಾತ್ರಿ ಬಾಲ್ಕನಿಗೆ ಹೋಗಿ, ನನ್ನ ಟ್ಯಾಂಕಿಗೆ ಬಿಸಿ ಎಲ್ಲಿಂದ ಬರ್ತಿದೆ ಅಂತ ಮೊದಲ ಸಲ ಸರಿಯಾಗಿ ನೋಡಿದೆ. ಪಶ್ಚಿಮದ ಬಿಸಿಲು, ಸರಿ. ಕಪ್ಪು ಬಣ್ಣದ ಟ್ಯಾಂಕು, ಸರಿ. ಟ್ಯಾಂಕಿನಿಂದ ಮೂರಡಿ ದೂರದಲ್ಲಿ ನಮ್ಮ ಬೆಡ್‌ರೂಮಿನ ಎಸಿಯ ಹೊರಗಿನ ಘಟಕ ಬುಸುಗುಟ್ಟುತ್ತಾ ಬಿಸಿಗಾಳಿಯನ್ನು ನೇರ ಅದರ ಮೇಲೇ ಊದುತ್ತಿತ್ತು. ವರ್ಕ್ ಫ್ರಂ ಹೋಮ್ ಅಂತ ಮಧ್ಯಾಹ್ನವೆಲ್ಲ ನಾನು ಒಳಗೆ 24 ಡಿಗ್ರಿಯಲ್ಲಿ ಕೂತಿರುತ್ತಿದ್ದೆ. ನನ್ನ ಕೋಣೆಯಿಂದ ತೆಗೆದ ಶಾಖವನ್ನು ಅಜ್ಜಿಯ ಗಿಡದ ಬುಡಕ್ಕೆ ನಾನೇ ಸುರಿಯುತ್ತಿದ್ದೆ. ಚಿಲ್ಲರ್ ತಂದಿದ್ದರೂ ಅಷ್ಟೇ, ಅದು ಟ್ಯಾಂಕಿನ ಶಾಖವನ್ನು ಅದೇ ಬಾಲ್ಕನಿಗೆ ಬಿಡುತ್ತಿತ್ತು. ಅಲ್ಲಿ ಕೂರುವವರು ಅಜ್ಜಿ.

ಮಾರನೇ ದಿನ ಟ್ಯಾಂಕನ್ನು ಇನ್ನೊಂದು ಮೂಲೆಗೆ, ನೆಲದಿಂದ ಎತ್ತರಿಸಿ ಥರ್ಮೋಕೋಲ್ ಹಾಳೆಯ ಮೇಲೆ ಇಟ್ಟೆ. ಸುತ್ತ ಬಿಳಿ ಬಟ್ಟೆ ಸುತ್ತಿದೆ. 33 ಇದ್ದದ್ದು 30ಕ್ಕೆ ಬಂತು. ಪೈಸೆ ಖರ್ಚಿಲ್ಲದೆ ಮೂರು ಡಿಗ್ರಿ. ಫ್ರೀಜರಿನಲ್ಲಿ ಒಂದು ಲೀಟರ್ ಬಾಟಲಿ ನೀರು ಗಟ್ಟಿ ಮಾಡಿ ಇಳಿಬಿಟ್ಟೆ. ಲೆಕ್ಕದ ಪ್ರಕಾರ 20 ಲೀಟರಿಗೆ ಅದು ಐದು ಡಿಗ್ರಿ ಇಳಿಸಬೇಕು, ಇಳಿಸಿತು ಕೂಡ. ಆದರೆ ಎರಡು ಗಂಟೆಯಲ್ಲಿ ಮತ್ತೆ ಶುರು. ಆಫೀಸಿನ ಮೀಟಿಂಗ್ ಮಧ್ಯೆ ಎದ್ದು ಹೋಗಿ ಬಾಟಲಿ ಬದಲಿಸೋದು ಎಷ್ಟು ದಿನ?

ಆಗ ಅಜ್ಜಿ ಹೇಳಿದರು: "ಒದ್ದೆ ಗೋಣಿಚೀಲ ಸುತ್ತೋ." ಊರಲ್ಲಿ ಹೊಲಕ್ಕೆ ಹೋಗುವಾಗ ನೀರಿನ ಬಿಂದಿಗೆಗೆ ಹಾಗೇ ಮಾಡುತ್ತಿದ್ದರಂತೆ. ಮಡಕೆಯ ನೀರು ತಣ್ಣಗಾಗೋದೂ ಇದೇ ಗುಟ್ಟಿನಿಂದ. ಸಣ್ಣ ಸಣ್ಣ ರಂಧ್ರಗಳಿಂದ ಒಸರಿದ ನೀರು ಆವಿಯಾಗುವಾಗ ಒಳಗಿನ ನೀರಿಂದ ಶಾಖ ಕೊಂಡೊಯ್ಯುತ್ತೆ. ರಂಧ್ರ ಕಟ್ಟಿಕೊಂಡ ಹಳೇ ಮಡಕೆ ತಣ್ಣಗಾಗಲ್ಲ, ಅದಕ್ಕೇ ಪ್ರತಿ ಬೇಸಿಗೆಗೂ ಹೊಸ ಮಡಕೆ. 1990ರ ದಶಕದಲ್ಲಿ ನೈಜೀರಿಯಾದ ಮೊಹಮ್ಮದ್ ಬಾಹ್ ಅಬ್ಬಾ ಅನ್ನೋ ಮೇಷ್ಟ್ರು ಒಂದು ಮಡಕೆಯೊಳಗೆ ಇನ್ನೊಂದಿಟ್ಟು, ನಡುವೆ ಒದ್ದೆ ಮರಳು ತುಂಬಿ ತರಕಾರಿ ಕೆಡದ ಹಾಗೆ ಮಾಡಿದರು; ಅದಕ್ಕೆ 2000ದಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಹಾಗಂತ ಪೋಷಕಾಂಶದ ನೀರನ್ನು ನೇರವಾಗಿ ಮಡಕೆಗೆ ತುಂಬಬೇಡಿ. ಉಪ್ಪೆಲ್ಲ ಒಸರಿ ಹೊರಗೆ ಬೆಳ್ಳಗೆ ಕಟ್ಟಿ, ರಂಧ್ರ ಮುಚ್ಚಿಹೋಗುತ್ತೆ. ಟ್ಯಾಂಕಿನ ಹೊರಗೆ ಒದ್ದೆ ಗೋಣಿ, ಅದೇ ಸರಿ.

ಆದರೆ ಅದಕ್ಕೆ ನೀರು ಬೇಕಲ್ಲ? ನೆನಪಿರಬಹುದು, ಅದು ಬೋರ್‌ವೆಲ್‌ಗಳು ಬತ್ತಿದ ಬೇಸಿಗೆ. ಮಾರ್ಚ್‌ನಲ್ಲೇ ಜಲಮಂಡಳಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬರುತ್ತಿತ್ತು. ಕೆಳಗೆ ಬಕೆಟ್ ಹಿಡಿದು ಕ್ಯೂ ನಿಂತವರನ್ನು ದಾಟಿಕೊಂಡು ಬಂದು ಗೋಣಿಗೆ ನೀರು ಎರಚೋಕೆ ಕೈ ಬರಲಿಲ್ಲ. ಒಂದು ದಿನ ಪೂರ್ತಿ ಸುಮ್ಮನಿದ್ದೆ. ಅಡುಗೆಮನೆಯಲ್ಲಿ ಆರ್‌ಒ ಫಿಲ್ಟರಿನ ವೇಸ್ಟ್ ಪೈಪು ಸಿಂಕಿಗೆ ತೊಟ್ಟಿಕ್ಕುವ ಸದ್ದು ಕೇಳಿದಾಗ ದಾರಿ ಕಾಣಿಸ್ತು. ದಿನಕ್ಕೆ ಹತ್ತಾರು ಲೀಟರ್ ಹಾಗೇ ಹೋಗುತ್ತಿತ್ತು. ಅರ್ಧ ಅದರಿಂದ ನೆಲ ಒರೆಸಿ, ಮಿಕ್ಕಿದ್ದರಲ್ಲಿ ಗೋಣಿ ನೆನೆಸಿದೆವು. 20 ಲೀಟರನ್ನು ಆರು ಡಿಗ್ರಿ ಇಳಿಸೋಕೆ ಲೆಕ್ಕದಲ್ಲಿ 200 ಮಿಲಿಲೀಟರ್ ನೀರು ಆವಿಯಾದರೆ ಸಾಕು. ಬಿಸಿ ಒಳಬರುತ್ತಲೇ ಇರೋದರಿಂದ ದಿನಕ್ಕೆ ಎರಡು ಮೂರು ಲೀಟರ್ ಹಿಡೀತು. ಗಡಸು ನೀರಾದ್ದರಿಂದ ಗೋಣಿ ವಾರಕ್ಕೊಮ್ಮೆ ಒರಟಾಗುತ್ತೆ, ಒಗೆಯಬೇಕು.

ಮೂರನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಟ್ಯಾಂಕಿನ ನೀರು 25 ಡಿಗ್ರಿ. ಹೊರಗೆ 36!

ಖುಷಿಯಲ್ಲಿ ಮಂಗಳೂರಿನ ಗೆಳೆಯನಿಗೆ ಫೋಟೊ ಕಳಿಸಿದೆ. ಅವನೂ ಗೋಣಿ ಸುತ್ತಿದ. ಒಂದೂವರೆ ಡಿಗ್ರಿಯೂ ಇಳಿಯಲಿಲ್ಲ ಅಂತ ಬೈದ. ತಪ್ಪು ಗೋಣಿಯದ್ದಲ್ಲ. ಒಣಗಾಳಿ ನೀರನ್ನು ಹೀರುತ್ತೆ, ಕರಾವಳಿಯ ಗಾಳಿ ಮೊದಲೇ ನೀರು ಕುಡಿದು ತುಂಬಿರುತ್ತೆ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಲ್ಲಿ ಒದ್ದೆ ಬಟ್ಟೆ 21 ಡಿಗ್ರಿ ಹತ್ತಿರಕ್ಕೆ ಇಳಿಯಬಹುದು, 40 ದಾಟುವ ಕಲಬುರಗಿಯಲ್ಲೂ 23ರ ಆಸುಪಾಸಿಗೆ ಬರಬಹುದು, ಮಂಗಳೂರಲ್ಲಿ 27ರ ಕೆಳಗೆ ಹೋಗೋದು ಕಷ್ಟ. ಅವನಿಗೆ ನೆರಳು ಮತ್ತು ಟ್ಯೂಡರನ ಹೊಟ್ಟೇ ಗತಿ. ಇಲ್ಲಾಂದ್ರೆ ಸಿಂಗಪುರದ ದಾರಿ. ಅಲ್ಲಿಯ ಲೀ ಸಿಂಗ್ ಕಾಂಗ್ ಮತ್ತು ಸಂಗಡಿಗರು 1990ರ ದಶಕದಲ್ಲಿ, ಇಡೀ ಹಸಿರುಮನೆಯನ್ನು ತಣ್ಣಗೆ ಮಾಡದೆ ಬೇರಿಗೆ ಮಾತ್ರ ತಣ್ಣನೆಯ ಪೋಷಕ ದ್ರಾವಣ ಸಿಂಪಡಿಸಿ, ಎಲೆ ಸುಡುಬಿಸಿಲಲ್ಲಿದ್ದರೂ ಚಳಿನಾಡಿನ ಲೆಟ್ಯೂಸ್ ಬೆಳೆಸಿದರು. ಕಾಲು ತಣ್ಣಗಿದ್ದರೆ ತಲೆಯ ಬಿಸಿಲು ತಡೆಯಬಹುದು. ಅಜ್ಜಿ ಮೊದಲ ದಿನ ಕೇಳಿದ್ದೂ ಅದನ್ನೇ ಅಲ್ವಾ?

ಆ ಬೇಸಿಗೆಯ ಮೂರನೇ ಬ್ಯಾಚ್ ಬದುಕಿತು. ಸುಳ್ಳು ಯಾಕೆ ಹೇಳಲಿ, ಲೆಟ್ಯೂಸ್ ಸ್ವಲ್ಪ ಕಹಿಯಾಗಿತ್ತು. ಬೇರು ಬೆಳ್ಳಗಿದ್ದರೂ ಮೇಲಿನ ಬಿಸಿಲಿಗೆ ಬೇಗ ಹೂಕಾಂಡ ಬಿಟ್ಟಿತು. ಈಗ ಮಾರ್ಚ್ ಬಂದರೆ ಲೆಟ್ಯೂಸ್ ಹಾಕಲ್ಲ, ಬಸಳೆ ಮತ್ತು ದಂಟು ಹಾಕ್ತೀವಿ. ಬಿಸಿ ಅವಕ್ಕೆ ಅಷ್ಟು ಲೆಕ್ಕಕ್ಕಿಲ್ಲ. ಗೋಣಿ ಮಾತ್ರ ಸುತ್ತೇ ಸುತ್ತುತ್ತೇವೆ. ಎಸಿಯ ಘಟಕವನ್ನು ಮೆಕ್ಯಾನಿಕ್ ಕರೆಸಿ ಗೋಡೆಯ ಆ ಕಡೆಗೆ ಹಾಕಿಸಿದೆ. ಅದರ ಬಿಸಿಗಾಳಿ ಈಗ ರಸ್ತೆಗೆ ಹೋಗುತ್ತೆ, ಅಲ್ಲಿ ಎಳನೀರಿನವನು ನಿಂತಿರುತ್ತಾನೆ. ಹಾಗಾಗಿ ಮಧ್ಯಾಹ್ನ ಎಸಿ ಹಾಕೋದನ್ನು ಕಡಿಮೆ ಮಾಡಿದೀನಿ. ಪೂರ್ತಿ ಬಿಟ್ಟಿಲ್ಲ.

ಅಜ್ಜಿ ಬೆಳಗ್ಗೆ ಐದಕ್ಕೆ ಎದ್ದು ಗೋಣಿಗೆ ನೀರು ಚಿಮುಕಿಸುತ್ತಾರೆ. ಆಮೇಲೆ ಥರ್ಮಾಮೀಟರ್ ಎತ್ತಿ ಕಣ್ಣಿಗೆ ಹತ್ತಿರ ಹಿಡಿದು, ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡುತ್ತಾರೆ. ಇವತ್ತಿನದು 22.